ಹೆಲ್ಸಿಂಕಿಗೆ ಹೊರಟ ಷಡ್ಡಕರು

ಲೋಕದಲ್ಲಿ ವೈರಿಗಳನ್ನು ಮನುಷ್ಯ ತಾನೇ ಕಷ್ಟಪಟ್ಟು ಸಂಪಾದಿಸಿಕೊಳ್ಳಬೇಕು. ಷಡ್ಡಕನೊಬ್ಬ ಮಾತ್ರ ಹೆಂಡತಿಯ ಜೊತೆಗೇ ಪುಕ್ಕಟೆಯಾಗಿ ಸಿಗುತ್ತಾನೆ. ಒಂದೇ ಮನೆಯ ಅಳಿಯಂದಿರು, ಒಂದೇ ಮಾವನ ಎದುರು ಒಂದೇ ಮೇಜಿಗೆ ಕೂರುವವರು. ಒಬ್ಬ ಒಂದು ಮಾತಾಡಿದರೆ ಇನ್ನೊಬ್ಬ ಒಂದೂವರೆ ಮಾತಾಡದ ಹೊರತು ತಿಂದದ್ದು ಅರಗುವುದಿಲ್ಲ. ನಮ್ಮ ಅಳತೆಯಣ್ಣನಿಗೂ ಅವನ ಷಡ್ಡಕ ಲಿಫ್ಟ್ ಸಾಹೇಬರಿಗೂ ಇದ್ದದ್ದು ಈ ಅಜೀರ್ಣದ ಸಂಬಂಧವೇ.

ಅಳತೆಯಣ್ಣ ಪರದೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೊಸ ಮನೆಯವರು ಕರೆದಲ್ಲಿಗೆ ಹೋಗಿ, ಸ್ಟೂಲು ಹತ್ತಿ, ಕಿಟಕಿಯ ಉದ್ದಗಲ ತೆಗೆದು, ನೆರಿಗೆಗೆ ಎಷ್ಟು ಬಟ್ಟೆ ಬಿಡಬೇಕು, ಅಂಚು ಎಷ್ಟು ಮಡಿಸಬೇಕು ಎಂದು ಹೇಳಿ ಬರುವುದು ಅವನ ಕೆಲಸ. ಟೇಪು ಸದಾ ಕೊರಳಲ್ಲೇ ಇರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಅವನು ಅಳೆದ ಪರದೆ ಇಂದಿನವರೆಗೆ ಗಿಡ್ಡವಾಗಿಲ್ಲ. ಆದರೆ ಕಿಟಕಿ ಅಳೆಯಬಲ್ಲವನಿಗೆ ಮಾತು ಅಳೆಯಲೂ ಬರಬೇಕೆಂಬ ಕಾನೂನು ಯಾವ ದೇಶದಲ್ಲೂ ಇಲ್ಲ.

ಲಿಫ್ಟ್ ಸಾಹೇಬರು ಅವನ ಹೆಂಡತಿಯ ಅಕ್ಕನ ಗಂಡ. ಊರಿನ ದೊಡ್ಡ ಕಟ್ಟಡಗಳ ಲಿಫ್ಟುಗಳು ಸರಿಯಾಗಿ ಏರಿಳಿಯುತ್ತವೆಯೇ ಎಂದು ಪರೀಕ್ಷಿಸಿ ರುಜು ಹಾಕುವ ಅಧಿಕಾರಿ. ದಿನವಿಡೀ ಮೇಲಿನ ಮಹಡಿಗಳಲ್ಲೇ ಓಡಾಡಿ, ನೆಲಕ್ಕಿಳಿದ ಮೇಲೂ ಜನರನ್ನು ಅಲ್ಲಿಂದಲೇ ನೋಡುವುದು ಅವರಿಗೆ ರೂಢಿಯಾಗಿತ್ತು.

ಒಂದು ಭಾನುವಾರ ಮಾವನ ಮನೆಯಲ್ಲಿ ಊಟವಾಯಿತು. ಅತ್ತೆಯವರು ಕಿರಿಯಳಿಯ ಹಾಕಿಸಿಕೊಟ್ಟ ಹೊಸ ಪರದೆಯನ್ನು ಬಾಯ್ತುಂಬ ಹೊಗಳಿ ಮುಗಿಸಿದರೋ ಇಲ್ಲವೋ, ಲಿಫ್ಟ್ ಸಾಹೇಬರು ಕೈ ಒರೆಸಿಕೊಳ್ಳುತ್ತ, ಪಕ್ಕದ ಬೀದಿಗೆ ಹೋಗಿಬರುವವರ ಹಾಗೆ, "ಬರೋ ಜೂನ್‌ನಲ್ಲಿ ನಾವು ಹೆಲ್ಸಿಂಕಿಗೆ ಹೋಗ್ತಾ ಇದೀವಿ ಮಾವ" ಎಂದರು.

"ಎಲ್ಲಿದೆಯಪ್ಪಾ ಅದು?"

"ಫಿನ್‌ಲೆಂಡ್ ರಾಜಧಾನಿ. ಅಲ್ಲಿ ಆ ತಿಂಗಳು ರಾತ್ರಿಯಾದ್ರೂ ಪೂರ್ತಿ ಕತ್ತಲಾಗೋದಿಲ್ಲ. ಮಲಗೋ ಹೊತ್ತಲ್ಲಿ ರಸ್ತೇಲಿ ನಿಂತು ಪೇಪರ್ ಓದಬಹುದು."

"ಬೆಳಗ್ಗೆ ಓದಿದ್ದನ್ನೇ ಮತ್ತೆ ಯಾಕೆ ಓದ್ಬೇಕು?" ಎಂದರು ಅತ್ತೆ.

ಅಕ್ಕ ಸೆರಗು ಸರಿಮಾಡಿಕೊಂಡು ತಂಗಿಯ ಕಡೆ ತಿರುಗಿದಳು. "ನಿನ್ನನ್ನೂ ಕರೀಬೇಕು ಅಂತಿತ್ತು ಕಣೇ. ಆದ್ರೆ ಪಾಪ, ನಿಮ್ಮೋರಿಗೆ ಜನರ ಮನೆ ಕಿಟಕಿ ಬಿಟ್ಟು ಬರೋಕಾಗುತ್ತಾ?"

ತಂಗಿ ತಲೆ ತಗ್ಗಿಸಿ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಒತ್ತರಿಸಿಕೊಳ್ಳುತ್ತಿದ್ದಳು. ಅಳತೆಯಣ್ಣ ಅದನ್ನು ನೋಡಿದ. ಮದುವೆಯಾದಾಗಿನಿಂದ ಅಕ್ಕನ ಫ್ರಿಜ್ಜು, ಅಕ್ಕನ ಸೋಫಾ, ಅಕ್ಕನ ಕಾರು ಎಂದು ಕೇಳಿ ಕೇಳಿ ಅವಳ ತಲೆ ತಗ್ಗುತ್ತಲೇ ಬಂದಿತ್ತು.

"ನಾವೂ ಹೋಗ್ತಾ ಇದೀವಲ್ಲ!" ಎಂದುಬಿಟ್ಟ.

ಎಲ್ಲರೂ ಒಟ್ಟಿಗೆ, "ಎಲ್ಲಿಗೆ?" ಎಂದರು.

ಯಾವುದಾದರೊಂದು ಪರದೇಶದ ಊರಿನ ಹೆಸರಿಗಾಗಿ ಅಳತೆಯಣ್ಣ ತಲೆಯೊಳಗೆಲ್ಲ ತಡಕಾಡಿದ. ಅಲ್ಲಿ ಇದ್ದದ್ದು ಒಂದೇ ಹೆಸರು, ಅದೂ ಈಗತಾನೇ ಬಂದು ಬಿದ್ದದ್ದು. "ಅಲ್ಲಿಗೇ" ಎಂದ.

ಲಿಫ್ಟ್ ಸಾಹೇಬರ ಮುಖ ಎರಡು ಮಹಡಿಗಳ ನಡುವೆ ಕರೆಂಟು ಹೋದ ಲಿಫ್ಟಿನಂತೆ ನಿಂತುಬಿಟ್ಟಿತು. ಮರುಕ್ಷಣವೇ ಸಾವರಿಸಿಕೊಂಡು, "ಭೇಷ್! ಹಾಗಾದ್ರೆ ಒಟ್ಟಿಗೇ ಹೋಗೋಣ ಬಿಡು" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಆ ಮೇಜಿನ ಮೇಲೆ ಎರಡೂ ಆದವು.

ಮನೆಗೆ ಬರುವಾಗ ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು. "ರೀ, ನಿಜಾನಾ?"

"ಮತ್ತೆ? ಮಾವನ ಎದುರು ಕೂತು ಸುಳ್ಳು ಹೇಳ್ತೀನಾ?"

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಿಟಕಿಯ ಕಡೆ ತಿರುಗಿ ಕೂತಳು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಹಾಡು ಗುನುಗಿದಳು. ಅವಳಿಗೆ ಹಾಡು ಬರುತ್ತದೆಂಬುದೇ ಅಳತೆಯಣ್ಣನಿಗೆ ಮರೆತುಹೋಗಿತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಇಡೀ ಬೀದಿಗೆ ಸುದ್ದಿಯಾಗಿತ್ತು. ಯಾರಿಗೆ ಹೇಳಿದೆ ಎಂದು ಹೆಂಡತಿಯನ್ನು ಕೇಳಿದರೆ, "ಎದುರು ಮನೆ ಅಜ್ಜಿಗೆ ಮಾತ್ರ" ಎಂದಳು. ಎದುರು ಮನೆ ಅಜ್ಜಿಗೆ ಮಾತ್ರ ಹೇಳುವುದೆಂದರೆ ಮೈಕಿಗೆ ಮಾತ್ರ ಹೇಳಿದ ಹಾಗೆ. ಅಜ್ಜಿ ಆಗಲೇ ಉಣ್ಣೆಯ ಉಂಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಕೈ ಎತ್ತಪ್ಪಾ. ಸ್ವೆಟರಿಗೆ ಅಳತೆ ಬೇಕು."

"ಅಜ್ಜೀ, ಜೂನ್‌ನಲ್ಲಿ ಅಲ್ಲಿ ಅಷ್ಟೊಂದು ಚಳಿ ಇರಲ್ಲವಂತೆ."

"ಹೋಗಿ ಬಂದವರ ಹಾಗೆ ಮಾತಾಡಬೇಡ. ಕೈ ಎತ್ತು."

ಊರಿನವರ ಕಿಟಕಿಗಳನ್ನೆಲ್ಲ ಅಳೆದವನು ನಡುಬೀದಿಯಲ್ಲಿ ಕೈ ಎತ್ತಿ ನಿಂತು ಅಳೆಸಿಕೊಂಡ. ಹೋಗುವವರು ಬರುವವರು ನಿಂತು ಉಪದೇಶ ಕೊಟ್ಟರು. ಇಸ್ತ್ರಿ ಅಂಗಡಿಯವನು ವಿಮಾನದಲ್ಲಿ ಕಿವಿ ಮುಚ್ಚಿಕೊಳ್ಳುತ್ತದೆ, ಹತ್ತಿ ಇಟ್ಟುಕೋ ಎಂದ. ಔಷಧಿ ಅಂಗಡಿಯವರು ಹತ್ತಿ ಇಟ್ಟರೆ ಇನ್ನೂ ಮುಚ್ಚಿಕೊಳ್ಳುತ್ತದೆ ಎಂದರು. ಇಬ್ಬರೂ ವಿಮಾನ ಹತ್ತಿದವರಲ್ಲ, ಆದ್ದರಿಂದ ಜಗಳ ಬಹಳ ಹೊತ್ತು ನಡೆಯಿತು.

ಅಳತೆಯಣ್ಣ ಯೋಚಿಸಿದ. ಹೋಗುವುದು ಅವನಿಂದಾಗದ ಮಾತು. ಪಕ್ಕದ ಊರಿಗೆ ಹೋದರೂ ತನ್ನ ದಿಂಬಿಲ್ಲದೆ ನಿದ್ದೆ ಬಾರದ ಪ್ರಾಣಿ ಅವನು. ಆದರೆ ತಾನಾಗಿ ಹಿಂದೆ ಸರಿದರೆ ಹೆಂಡತಿಯ ತಲೆ ಮತ್ತೆ ತಗ್ಗುತ್ತದೆ, ಈ ಸಲ ಏಳುವುದೂ ಇಲ್ಲ. ಇಲ್ಲ ಎನ್ನುವ ಮಾತು ಬೇರೆ ಯಾರಾದರೂ ಆಡಬೇಕು. ಹಾಗೆ ಆಡಲು ಹೇಳಿ ಮಾಡಿಸಿದ ಮನುಷ್ಯನೆಂದರೆ ಅಂಗಡಿಯ ಧಣಿ. ಹಲ್ಲುನೋವೆಂದು ಅರ್ಧ ದಿನ ರಜೆ ಕೇಳಿದರೆ, "ಹಲ್ಲಿಂದ ಅಳೀತೀಯೇನಯ್ಯಾ?" ಎನ್ನುವ ಆಸಾಮಿ ಅವರು.

"ಧಣಿ, ಜೂನ್‌ನಲ್ಲಿ ನನಗೆ ಎರಡು ವಾರ ರಜೆ ಬೇಕು" ಎಂದ ಅಳತೆಯಣ್ಣ, ಎದೆಯುಬ್ಬಿಸಿ. ಜೂನ್ ಎಂದರೆ ಜನ ಮನೆ ಬದಲಾಯಿಸುವ ಕಾಲ, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ.

"ತಲೆ ಕೆಟ್ಟಿದೆಯೇನಯ್ಯಾ?" ಎಂದರು ಧಣಿ. ಅಳತೆಯಣ್ಣನ ಮನಸ್ಸು ಹಗುರವಾಯಿತು. "ಎಲ್ಲಿಗೆ ಹೋಗ್ತೀಯ?"

"ಹೆಲ್ಸಿಂಕಿ ಅಂತ. ರಾತ್ರಿ ಕತ್ತಲಾಗದ ಊರು."

ಧಣಿ ಕತ್ತರಿ ಕೆಳಗಿಟ್ಟರು. "ಕತ್ತಲಾಗಲ್ವಾ? ಮತ್ತೆ ಜನ ಹೇಗೆ ಮಲಗ್ತಾರೆ?"

"ಪರದೆ ಎಳ್ಕೊಂಡು ಮಲಗ್ತಾರೇನೋ" ಎಂದ ಅಳತೆಯಣ್ಣ. ತಾನು ತೋಡುತ್ತಿರುವುದು ತನ್ನದೇ ಗುಂಡಿ ಎಂದು ಅವನಿಗೆ ಹೊಳೆಯಲೇ ಇಲ್ಲ.

"ಪರದೆ!" ಧಣಿ ಎದ್ದು ನಿಂತರು. "ಸೂರ್ಯನನ್ನೇ ತಡೆಯೋ ಪರದೆ! ಅದು ಯಾವ ಬಟ್ಟೆ, ಎಷ್ಟು ಪದರ, ನೆರಿಗೆ ಹೇಗೆ? ನೋಡ್ಕೊಂಡು ಬಾರಯ್ಯಾ! ಎರಡು ವಾರ ಯಾಕೆ, ಮೂರು ತಗೋ!"

ಸಂಜೆಗೆ ಅಂಗಡಿಯ ಮುಂದೆ ಹಲಗೆ ತೂಗಿತು. 'ನಮ್ಮ ತಜ್ಞರು ಹೆಚ್ಚಿನ ಅಧ್ಯಯನಕ್ಕಾಗಿ ಹೆಲ್ಸಿಂಕಿಗೆ ತೆರಳಲಿದ್ದಾರೆ. ಹೆಲ್ಸಿಂಕಿ ಮಾದರಿಯ ಪರದೆಗಳಿಗೆ ಈಗಲೇ ಹೆಸರು ನೋಂದಾಯಿಸಿ.' ತಜ್ಞರು ಹಲಗೆಯ ಕೆಳಗೆ ನಿಂತು, ಇಂಗು ತಿಂದ ಮಂಗನಂತೆ ಮೇಲೆ ನೋಡುತ್ತಿದ್ದರು.

ಇನ್ನು ಉಳಿದದ್ದು ಒಂದೇ ಆಸೆ, ಲಿಫ್ಟ್ ಸಾಹೇಬರೇ ಏನಾದರೂ ಕಾರಣಕ್ಕೆ ನಿಂತುಬಿಟ್ಟರೆ! ಎರಡು ದಿನಕ್ಕೊಮ್ಮೆ ಫೋನು ಮಾಡಿ, "ಅಣ್ಣ, ಏನೂ ತೊಂದರೆ ಇಲ್ಲ ತಾನೆ?" ಎಂದು ಆಸೆಯಿಂದ ಕೇಳುತ್ತಿದ್ದ. ಅವರು, "ಇಲ್ಲಪ್ಪಾ, ನಿನಗೆ?" ಎಂದು ಅಷ್ಟೇ ಆಸೆಯಿಂದ ಕೇಳುತ್ತಿದ್ದರು. ಆ ಆಸೆ ಕಿವಿಗೆ ಬಿದ್ದರೂ ಅಳತೆಯಣ್ಣನ ತಲೆಗೆ ಹೋಗಲಿಲ್ಲ.

ಪ್ರವಾಸದ ಕಚೇರಿಗೆ ಎರಡೂ ಜೋಡಿ ಒಟ್ಟಿಗೇ ಹೋದವು. ಗಾಜಿನ ಮೇಜಿನ ಹಿಂದಿದ್ದ ಹುಡುಗಿ ನಗುನಗುತ್ತ ವಿವರಿಸಿ, "ಯಾರು ಮೊದಲು ಮುಂಗಡ ಕಟ್ತೀರಿ?" ಎಂದಳು.

"ದೊಡ್ಡೋರು ನೀವು ಅಣ್ಣ" ಎಂದ ಅಳತೆಯಣ್ಣ.

"ಛೇ ಛೇ, ಚಿಕ್ಕೋರು ಮುಂದೆ ಬರಬೇಕಪ್ಪಾ."

"ನಿಮ್ಮನ್ನ ಬಿಟ್ಟು ನಾನು ಮುಂದೆ ಹೋಗಿದ್ದುಂಟಾ?"

"ಈ ಸಲ ಹೋಗು. ನಾನು ಬೇಜಾರು ಮಾಡ್ಕೊಳ್ಳಲ್ಲ."

ಹುಡುಗಿಗೆ ಇಷ್ಟು ಮರ್ಯಾದಸ್ಥರನ್ನು ನೋಡಿ ಅಭ್ಯಾಸವಿರಲಿಲ್ಲ. ಕೊನೆಗೆ ಅಕ್ಕ ತಂಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮ್ಮ ತಮ್ಮ ಕೈಚೀಲ ತೆರೆದು, ತಾವು ಕೂಡಿಟ್ಟದ್ದರಲ್ಲೇ ಕಟ್ಟಿಬಿಟ್ಟರು. ಹೊರಗೆ ಬಂದಾಗ ಇಬ್ಬರು ಗಂಡಸರೂ ಒಂದೇ ತರಹ ಬೆವರಿದ್ದರು. ಅಕ್ಕ ತಂಗಿ ಮಾತ್ರ ಬಹಳ ವರ್ಷಗಳ ಮೇಲೆ ಕೈ ಕೈ ಹಿಡಿದುಕೊಂಡು, ಬೂಟಿನ ಅಂಗಡಿಯ ಕಡೆ ನಡೆದರು.

ವೀಸಾ ಬಂತು. ವೀಸಾ ಕೊಡುವವರಾದರೂ ಬೇಡವೆನ್ನುತ್ತಾರೆ ಎಂಬ ಆಸೆಯೂ ಹೋಯಿತು. ಹೆಂಡತಿ ಹೊಸ ಬೂಟು ಹಾಕಿಕೊಂಡು ಮನೆಯೊಳಗೇ ಹಿಂದೆ ಮುಂದೆ ನಡೆದು ಅಭ್ಯಾಸ ಮಾಡುತ್ತಿದ್ದಳು. ಆ ಟಕ್ ಟಕ್ ಸದ್ದು ಅಳತೆಯಣ್ಣನ ಎದೆಯ ಮೇಲೇ ನಡೆಯುತ್ತಿತ್ತು. ಕೊನೆಗೆ ಅವನು ಡಾಕ್ಟರರನ್ನು ನೆನೆಸಿಕೊಂಡ. ಈ ದೇಹ ದೂರದ ಪ್ರಯಾಣಕ್ಕೆ ಲಾಯಕ್ಕಲ್ಲ ಎಂದು ಒಂದು ಸರ್ಟಿಫಿಕೇಟು ಸಿಕ್ಕರೆ ಸಾಕು. ಮಾನಕ್ಕೆ ಮಾನವೂ ಉಳಿಯಿತು, ಕಾಯಿಲೆಯ ಗೌರವವೂ ಬಂತು. ಒಂದು ದಿನ ಕೆಲಸದ ನಡುವೆ ತಪ್ಪಿಸಿಕೊಂಡು, ಕೆಮ್ಮುತ್ತ, ಸೊಂಟ ಹಿಡಿದುಕೊಂಡು ದವಾಖಾನೆಯ ಬಾಗಿಲು ತಳ್ಳಿದ.

ಬೆಂಚಿನ ಮೇಲೆ ಲಿಫ್ಟ್ ಸಾಹೇಬರು ಕೂತಿದ್ದರು. ಅವರೂ ಕೆಮ್ಮುತ್ತಿದ್ದರು.

ಇಬ್ಬರ ಕೆಮ್ಮೂ ಒಟ್ಟಿಗೇ ನಿಂತಿತು. ಅಳತೆಯಣ್ಣ ಸೊಂಟದಿಂದ ಕೈ ತೆಗೆದ.

"ಏನಪ್ಪಾ ಇಲ್ಲಿ?"

"ಏನಿಲ್ಲ ಅಣ್ಣ. ಹೊರಡೋಕೆ ಮುಂಚೆ ಮೈಯೆಲ್ಲ ಗಟ್ಟಿಯಾಗಿದೆ ಅಂತ ಒಂದು ಸರ್ಟಿಫಿಕೇಟ್ ಇರಲಿ ಅಂತ. ನೀವು?"

"ನಾನೂ ಅದಕ್ಕೇ!"

ಒಳಗಿನಿಂದ ಇದನ್ನು ಕೇಳಿಸಿಕೊಂಡ ಡಾಕ್ಟರರು ಸಂತೋಷದಿಂದ ಇಬ್ಬರನ್ನೂ ಒಟ್ಟಿಗೇ ಕರೆದರು. ಬಂದವರೆಲ್ಲ ಕಾಯಿಲೆ ಇದೆ ಎಂದು ಬರೆಸಿಕೊಳ್ಳುವ ಕಾಲದಲ್ಲಿ, ಇಲ್ಲ ಎಂದು ಬರೆಸಿಕೊಳ್ಳಲು ಬಂದ ಇಬ್ಬರು ಮಹನೀಯರು! ನಾಲಿಗೆ ನೋಡಿದರು, ಮಂಡಿ ಕುಟ್ಟಿದರು, ಬಗ್ಗಿಸಿದರು, ಕುಣಿಸಿದರು. ಅಳತೆಯಣ್ಣ ತಡೆಯಲಾರದೆ, "ಸಾರ್, ಸೊಂಟದಲ್ಲಿ ಒಂಚೂರು ಹಿಡಿದ ಹಾಗೆ…" ಎಂದು ಪಿಸುಗುಟ್ಟಿದ.

"ಎಲ್ಲಿ, ಬಗ್ಗಿ ನೆಲ ಮುಟ್ಟಿ."

ಷಡ್ಡಕರು ನೋಡುತ್ತಿದ್ದರು. ಅಳತೆಯಣ್ಣ ಬಗ್ಗಿ ಅಂಗೈಯನ್ನೇ ನೆಲಕ್ಕೆ ಊರಿದ. ಅದನ್ನು ನೋಡಿ ಸಾಹೇಬರೂ ಊರಿದರು, ಯಾರೂ ಹೇಳದೆಯೇ.

"ಅದ್ಭುತ!" ಎಂದರು ಡಾಕ್ಟರರು. "ನೀವಿಬ್ರೂ ಹೆಲ್ಸಿಂಕಿಗೆ ನಡ್ಕೊಂಡೇ ಹೋಗಬಹುದು." ಹಾಗೆಯೇ ಬರೆದು ಮೊಹರು ಒತ್ತಿಕೊಟ್ಟರು.

ದವಾಖಾನೆಯ ಮೆಟ್ಟಿಲಿಳಿಯುವಾಗ ಲಿಫ್ಟ್ ಸಾಹೇಬರು ಅಲ್ಲೇ ಕೂತುಬಿಟ್ಟರು. "ತಮ್ಮಾ, ಒಂದು ಮಾತು ಹೇಳ್ತೀನಿ, ನಗಬೇಡ. ನನಗೆ ಎತ್ತರ ಅಂದ್ರೆ ಜೀವ ಹೋಗುತ್ತೆ. ವಿಮಾನದ ಚಿತ್ರ ನೋಡಿದ್ರೂ ತಲೆ ಸುತ್ತುತ್ತೆ."

"ಏನಣ್ಣಾ, ದಿನಾ ಲಿಫ್ಟಲ್ಲಿ ಓಡಾಡೋರು ನೀವು!"

"ಲಿಫ್ಟಿಗೆ ಕಿಟಕಿ ಇರಲ್ಲಪ್ಪಾ! ವಿಮಾನಕ್ಕೆ ಇರುತ್ತೆ!"

ಅಳತೆಯಣ್ಣ ಅವರ ಪಕ್ಕದಲ್ಲೇ ಕೂತ. "ಮತ್ತೆ ಹೋಗ್ತೀನಿ ಅಂತ ಯಾಕೆ ಅಂದ್ರಿ?"

"ಅವತ್ತು ಅತ್ತೆ ನಿನ್ನ ಪರದೆ ಪರದೆ ಅಂತ ಒಂದೇ ಸಮ ಹೊಗಳ್ತಾ ಇದ್ರಲ್ಲ, ಹೊಟ್ಟೆ ಉರೀತು. ಹಿಂದಿನ ದಿನ ಹಲ್ಲಿನ ಡಾಕ್ಟರ ಹತ್ರ ಗೋಡೆ ಮೇಲೆ ಕ್ಯಾಲೆಂಡರ್ ನೋಡಿದ್ದೆ. ಜೂನ್ ತಿಂಗಳ ಹಾಳೇಲಿ ಹೆಲ್ಸಿಂಕಿ ಇತ್ತು, ಕೆಳಗೆ ನಾಕು ಸಾಲು ಬರೆದಿದ್ರು. ಅಷ್ಟೇ ನನಗೆ ಗೊತ್ತಿದ್ದದ್ದು. ನೀನು 'ನಾವೂ' ಅನ್ನದೇ ಇದ್ದಿದ್ರೆ ಮುಂದಿನ ಭಾನುವಾರಕ್ಕೆ ಯಾರಿಗೂ ನೆನಪೇ ಇರ್ತಿರಲಿಲ್ಲ. ಪುಣ್ಯಾತ್ಮ!"

"ನೀವು ಹೋಗ್ತೀನಿ ಅಂದಿದ್ದಕ್ಕೇ ನಾನು ಅಂದಿದ್ದು!"

ಇಬ್ಬರೂ ಸರ್ಟಿಫಿಕೇಟು ಹಿಡಿದುಕೊಂಡು ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತಿದ್ದರು. ಅಳಿಯಂದಿರಾದ ಮೇಲೆ ಅವರು ಹಾಗೆ ಕೂತದ್ದು ಅದೇ ಮೊದಲು. ಅಳತೆಯಣ್ಣನಿಗೆ ಆ ಮನುಷ್ಯನ ಮೇಲೆ ಮೊದಲ ಬಾರಿಗೆ ಪ್ರೀತಿ ಉಕ್ಕಿತು. ಪ್ರೀತಿಯ ಜೊತೆಗೇ ಒಂದು ಉಪಾಯವೂ ಉಕ್ಕಿತು.

"ಅಣ್ಣ, ತ್ಯಾಗ ಮಾಡಿಬಿಡೋಣ."

"ಅಂದ್ರೆ?"

"ಅಕ್ಕ ತಂಗಿ ಮದುವೆಯಾದ ಮೇಲೆ ಜೊತೆಯಾಗಿ ನಾಕು ದಿನ ಇದ್ದದ್ದಿಲ್ಲ. ನೀವಿಬ್ರೇ ಹೋಗಿ ಬನ್ನಿ, ನಾವು ಅಡ್ಡ ಬರಲ್ಲ ಅಂತ ಹೇಳೋಣ. ಅವರು ಏನಂತಾರೆ? ಅಯ್ಯೋ ನಿಮ್ಮನ್ನ ಬಿಟ್ಟು ಹೇಗೆ ಹೋಗೋದು, ಬೇಡವೇ ಬೇಡ ಅಂತಾರೆ. ಹೆಂಗಸರೇ ಬೇಡ ಅಂದ ಮೇಲೆ ಮುಗೀತಲ್ಲ!"

ಲಿಫ್ಟ್ ಸಾಹೇಬರು ಅವನನ್ನು ತಬ್ಬಿಕೊಂಡರು. ಅಂದೇ ಸಂಜೆ ಮಾವನ ಮನೆಯ ನಡುಮನೆಯಲ್ಲಿ ಇಬ್ಬರೂ ನಿಂತು, ಗಂಟಲು ಸರಿಪಡಿಸಿಕೊಂಡು, ಒಬ್ಬರ ಮಾತಿಗೊಬ್ಬರು ಮಾತು ಸೇರಿಸುತ್ತ ತಮ್ಮ ತ್ಯಾಗವನ್ನು ಘೋಷಿಸಿದರು. ಒಡಹುಟ್ಟಿದವರ ವಾತ್ಸಲ್ಯದ ವಿಷಯಕ್ಕೆ ಬಂದಾಗ ಸಾಹೇಬರ ದನಿ ನಿಜವಾಗಿಯೂ ಗದ್ಗದವಾಯಿತು.

ಅಕ್ಕ ತಂಗಿಯನ್ನು ನೋಡಿದಳು. ತಂಗಿ ಅಕ್ಕನನ್ನು ನೋಡಿದಳು.

"ಆಗ್ಲಿ" ಎಂದರು ಇಬ್ಬರೂ.

"ಹಾಂ?" ಎಂದ ಅಳತೆಯಣ್ಣ.

"ಆಗ್ಲಿ ಅಂದ್ವಿ. ಇಷ್ಟು ಪ್ರೀತಿಯಿಂದ ಹೇಳ್ತಾ ಇದೀರಿ, ಬೇಡ ಅನ್ನೋಕಾಗುತ್ತಾ?"

ಅತ್ತೆ ಕಣ್ಣೊರೆಸಿಕೊಂಡು, ಇಂಥ ಅಳಿಯಂದಿರು ಹುಡುಕಿದರೂ ಸಿಗುವುದಿಲ್ಲ ಎಂದರು. ಮಾವ ಇಬ್ಬರ ಬೆನ್ನನ್ನೂ ತಟ್ಟಿದರು. ಗಂಡಸರ ಟಿಕೆಟು ಎರಡೂ ರದ್ದಾದವು.

ಹೊರಡುವ ದಿನ ಅಕ್ಕ ತಂಗಿ ಒಂದೇ ಬಣ್ಣದ ಪೆಟ್ಟಿಗೆ ಎಳೆದುಕೊಂಡು ಗಾಜಿನ ಬಾಗಿಲೊಳಗೆ ನಡೆದುಹೋದರು. ಹೆಂಡತಿ ಒಮ್ಮೆ ಕೈ ಬೀಸಿದಳು, ಮತ್ತೆ ತಿರುಗಿ ನೋಡಲಿಲ್ಲ. ತಲೆ ಎತ್ತಿಕೊಂಡೇ ಹೋದಳು. ಅಳತೆಯಣ್ಣನಿಗೆ ಅದನ್ನು ನೋಡಿ ಸಂತೋಷವಾಯಿತು, ಸಂತೋಷದ ಹಿಂದೆಯೇ ಅಳುವೂ ಬಂತು. ತಾನೂ ಅವಳ ಜೊತೆ ಹೋಗಬೇಕಿತ್ತು ಎಂದು ಅವನಿಗೆ ಮೊದಲ ಸಲ ಅನಿಸಿದ್ದು ಆಗಲೇ. ಕೆಟ್ಟ ಮೇಲೆ ಬುದ್ಧಿ ಬರುವುದು ನಮ್ಮಂಥವರ ಹಣೆಬರಹ.

ಅಳಲೂ ಪುರುಸೊತ್ತಿರಲಿಲ್ಲ. ಅಂಗಡಿಯ ಲೆಕ್ಕದಲ್ಲಿ ತಜ್ಞರು ಹೆಲ್ಸಿಂಕಿಗೆ ಹೊರಟಾಗಿತ್ತು. ಧಣಿ ಬೀಳ್ಕೊಡುಗೆ ಮಾಡಿ, ಪೆನ್ನು ಕೊಟ್ಟು, ಭಾಷಣವನ್ನೂ ಮಾಡಿಸಿದ್ದರು. ಸಾಹೇಬರ ಕಚೇರಿಯಲ್ಲೂ ಅದೇ ಕಥೆ. ಇನ್ನು ಬೀದಿಯಲ್ಲಿ ಮುಖ ತೋರಿಸುವುದು ಹೇಗೆ? ಮಾವನ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ, ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡು, ಷಡ್ಡಕರಿಬ್ಬರೂ ಸಾಹೇಬರ ಮನೆಯಲ್ಲಿ ಅಡಗಿ ಕೂತರು. ಕಿಟಕಿಗಳಿಗೆಲ್ಲ ಪರದೆ ಎಳೆದರು. ಸಂದಿಯಿಂದ ಬೆಳಕು ಬಂದಲ್ಲೆಲ್ಲ ಅಳತೆಯಣ್ಣ ಪಿನ್ನು ಚುಚ್ಚಿದ. ಹೆಂಡಂದಿರು ರಾತ್ರಿಯೂ ಬೆಳಕಿರುವ ಊರಿನಲ್ಲಿ, ಗಂಡಂದಿರು ಹಗಲೂ ಕತ್ತಲಿರುವ ಮನೆಯಲ್ಲಿ! ಬಾಗಿಲು ಯಾರಾದರೂ ಬಡಿದರೆ ಮಂಚದ ಕೆಳಗೆ ಮೊದಲು ನುಗ್ಗುವವರು ಯಾರೆಂಬುದರಲ್ಲಿ ಮಾತ್ರ ಹಳೆಯ ಪೈಪೋಟಿ ಉಳಿದಿತ್ತು.

ಮೂರನೆಯ ದಿನ ಮಧ್ಯಾಹ್ನ, ಸಾಹೇಬರು ಸೀದ ಅನ್ನದ ಪಾತ್ರೆ ಕೆರೆಯುತ್ತಿದ್ದಾಗ ಅಳತೆಯಣ್ಣನ ಫೋನು ರಿಂಗಾಯಿತು. ಹೆಂಡತಿ. ಹಿಂದೆ ಟ್ರಾಮಿನ ಗಂಟೆ, ಕಡಲ ಹಕ್ಕಿಗಳ ಕೂಗು.

"ಎಲ್ಲಿದೀಯೇ?"

"ಬಂದರಿನ ಹತ್ರ ಸಂತೆ ಇದೆ ರೀ, ಅಲ್ಲಿ ಕೂತಿದೀವಿ. ಮುಂದೆ ಸಮುದ್ರ. ಹಡಗು ಎಷ್ಟು ದೊಡ್ಡದು ಅಂತೀರಿ! ಅಲ್ಲೊಂದು ಬಿಳೀ ಚರ್ಚು, ಅಗಲವಾದ ಮೆಟ್ಟಿಲು, ನಾನೂ ಅಕ್ಕನೂ ಅಷ್ಟೂ ಹತ್ತಿದ್ವಿ." ಅವಳು ಇಷ್ಟು ಉದ್ದ ಮಾತಾಡಿ ಯಾವ ಕಾಲವಾಗಿತ್ತೋ.

"ನಿನ್ನ ಹತ್ರ ಒಂದು ಮಾತು ಹೇಳಬೇಕು ಕಣೇ. ಅವತ್ತು ನಾನು ಹೋಗ್ತೀವಿ ಅಂದೆನಲ್ಲ, ಅದು…"

"ಸುಳ್ಳು. ಗೊತ್ತು."

"ಯಾವಾಗ ಗೊತ್ತಾಯ್ತು?"

"ನೀವು ಬಾಯಿ ಬಿಟ್ಟಾಗಲೇ. ಬಸ್ಸಲ್ಲಿ ನಿಮ್ಮ ಮುಖ ನೋಡಿದೆನಲ್ಲ. ಭಾವನದೂ ಸುಳ್ಳು ಅಂತ ಅಕ್ಕನಿಗೂ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಕೇಳಿದ್ರೆ ನೀವು ನಿಜ ಹೇಳಿಬಿಡ್ತಿದ್ರಿ" ಎಂದಳು ಹೆಂಡತಿ. ಕೋಪವಿರಲಿಲ್ಲ ದನಿಯಲ್ಲಿ. "ನಿಮ್ಮ ನಿಜ ನಂಬ್ಕೊಂಡು ಇಷ್ಟು ವರ್ಷ ನಾನು ಹೋಗಿದ್ದು ಅಂದ್ರೆ ನಮ್ಮಮ್ಮನ ಮನೆ ಒಂದೇ. ಸುಳ್ಳು ಅಂತ ಒಂದು ಹೇಳಿದ್ರಿ ನೋಡಿ, ಸಮುದ್ರ ನೋಡಿದೆ."

ಕತ್ತಲಲ್ಲಿ ನಿಂತ ಅಳತೆಯಣ್ಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಪಕ್ಕದಲ್ಲಿ ಕೂತಿರಬೇಕೆನಿಸಿತು.

"ಮುಂದಿನ ವರ್ಷ ನಾನೇ ನಿನ್ನನ್ನ ಕರ್ಕೊಂಡು ಹೋಗ್ತೀನಿ ಕಣೇ" ಎಂದ ಮೆಲ್ಲಗೆ. "ನೀನು ಹೇಳಿದ ಕಡೆ. ಇದು ನಿಜ."

"ಅಕ್ಕ ಪಕ್ಕದಲ್ಲೇ ಇದಾಳೆ" ಎಂದಳು ಹೆಂಡತಿ. "ಫೋನಿನ ಸ್ಪೀಕರ್ ಹಾಕ್ತೀನಿ, ಸ್ವಲ್ಪ ಜೋರಾಗಿ ಹೇಳಿ."

ಲಿಫ್ಟ್ ಸಾಹೇಬರು ಕಣ್ಣ ಮುಂದೆ ವಿಮಾನವೇ ಬಂದು ನಿಂತವರಂತೆ ಪಾತ್ರೆ ಬಿಟ್ಟು ಓಡಿಬಂದು, ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ತಲೆಯಾಡಿಸಿದರು. ಅಳತೆಯಣ್ಣ ಅವರನ್ನು ನೋಡಿದ. ಪಾಪ ಎನಿಸಿತು. ಆಮೇಲೆ ಉಸಿರೆಳೆದುಕೊಂಡು, ಆ ಮಾತನ್ನೇ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಿದ.